ಅಂಗಿಯೊಳಗಿನ ಬೆಂಡು

ಸೋಮವಾರ, ೮ ನವೆಂಬರ ೧೯೪೮. ವಿಜಾಪುರ

ನನಗೆ ಈಜು ಬರುವುದಿಲ್ಲ. ಈ ಮಾತನ್ನು ಎರಡು ವರ್ಷಗಳಿಂದ ಯಾರಿಗೂ ಹೇಳಿಲ್ಲ. ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಕೂತರೆ ಅನ್ನ ಸೇರುವುದಿಲ್ಲವಾದ್ದರಿಂದ ಈ ನೋಟುಬುಕ್ಕು ತಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ.

ನೌಕರಿಯ ಸಂದರ್ಶನದ ದಿನ ಹೆಡ್‌ಮಾಸ್ತರರು ನನ್ನ ಅರ್ಜಿ ಓದಿ, "ಅಮರಪ್ಪ ಬಸಗೊಂಡಪ್ಪ... ಟಿಕೋಟಿಯವರೇನು? ಹಂಗಾರ ಬಾವ್ಯಾಗ ಬಿದ್ದು ಎದ್ದು ಬೆಳದವರು. ಈಜು ಛಲೋ ಬರ್ತಿರಬೇಕಲಾ?" ಎಂದಿದ್ದರು. ನನಗೆ ನೌಕರಿ ಬೇಕಿತ್ತು. "ಹೌದ್ರಿ" ಎಂದೆ. ಅವರು ಅದನ್ನು ಅರ್ಜಿಯ ಅಂಚಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡರು. ಗಣಿತದ ಮಾಸ್ತರನಿಗೆ ಈಜಿನ ಗೊಡವೆ ಯಾಕೆ ಬಂದೀತು ಎಂದು ನಾನು ಸುಮ್ಮನಿದ್ದೆ.

ಇವತ್ತು ಬಂತು. ಸಾಲೆ ಬಿಟ್ಟ ಮೇಲೆ ಎಲ್ಲ ಮಾಸ್ತರರನ್ನೂ ಕೂಡಿಸಿ ಹೆಡ್‌ಮಾಸ್ತರರು ಭಾಷಣ ಮಾಡಿದರು. "ದೇಶ ಸ್ವತಂತ್ರ ಆಗೇದ. ನಮ್ಮ ಹುಡುಗ್ರು ಬರೇ ಕಾರಕೂನರು ಆಗಬೇಕೇನು? ನಾವಿಕರೂ ಆಗಲಿ. ನಮ್ಮಲ್ಲಿ ನೌಕಾ ಸ್ಕೌಟ್ ಪಥಕ ಸುರು ಮಾಡೋಣು." ವಿಜಾಪುರದಲ್ಲಿ ಸಮುದ್ರ ಎಲ್ಲಿದೆ ಎಂದು ಡ್ರಾಯಿಂಗ್ ಮಾಸ್ತರರು ಕೇಳಿದ್ದಕ್ಕೆ, "ಭೂತನಾಳ ಕೆರಿ ಕಾಣಸೂದಿಲ್ಲೇನು?" ಎಂದು ಬಾಯಿ ಮುಚ್ಚಿಸಿದರು. ಜನೇವರಿ ೨೩ಕ್ಕೆ ಸಾಲೆಯ ಗ್ಯಾದರಿಂಗ್, ವರ್ಷದ ಹಬ್ಬ. ಅಂದು ಎಲ್ಲ ಪಾಲಕರ ಎದುರಿಗೆ ನಮ್ಮ ಹುಡುಗರು ಹಾಯಿದೋಣಿಯಲ್ಲಿ ಕೆರೆ ದಾಟಬೇಕು. "ಪಥಕದ ಜವಾಬ್ದಾರಿ ಅಮರಪ್ಪ ಮಾಸ್ತರದು. ಅವರಿಗೆ ಈಜು ಬರ್ತದ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಒಂಬತ್ತನೆಯ ವಯಸ್ಸಿನ ಬಾವಿ ನೆನಪಾಯಿತು. ಅಪ್ಪ ಸೊಂಟಕ್ಕೆ ಬೆಂಡು ಕಟ್ಟಿ ನೀರಿಗೆ ಎಸೆದಿದ್ದ. ಗಂಟು ಬಿಚ್ಚಿ ಬೆಂಡು ಮೇಲೆ ಹೋಯಿತು, ನಾನು ಕೆಳಗೆ ಹೋದೆ. ಕೂದಲು ಹಿಡಿದು ಎಳೆದು ತೆಗೆದನಂತೆ. ಅಂದಿನಿಂದ ಬಾವಿಯನ್ನು ಇಣುಕಿ ನೋಡಿದವನಲ್ಲ.

ರವಿವಾರ, ೧೪ ನವೆಂಬರ

ಇಂದು ದೋಣಿ ನೋಡಿದೆ. ಕಟ್ಟಿದವನು ನಿಜಾಮುದ್ದೀನ, ಇದೇ ಊರಿನ ಬಡಗಿ. ಯುದ್ಧದ ಕಾಲಕ್ಕೆ ನೌಕಾಪಡೆ ಸೇರಿ ನಾಲ್ಕು ವರ್ಷ ಹಡಗಿನಲ್ಲಿದ್ದು ಬಂದವನು. ನಮಗೆ ಕಲಿಸುವವನೂ ಅವನೇ. ಹದಿನಾಲ್ಕು ಅಡಿ ಉದ್ದದ ದೋಣಿ, ನಡುವೆ ಒಂದು ಕಂಬ, ಲಷ್ಕರಿನ ಹಳೆಯ ಡೇರೆ ಕತ್ತರಿಸಿ ಹೊಲಿದ ಹಾಯಿ. ಬಂಡಿಯ ಮೇಲೆ ಹೇರಿ ತೊರವಿ ರಸ್ತೆಯಲ್ಲಿ ಒಯ್ಯುವಾಗ ಒಬ್ಬ ಮುದುಕ, "ಎಲ್ಲಿ ಹೊಳಿ ಬಂದೈತ್ರೋ ಯಪ್ಪಾ?" ಎಂದು ಗಾಬರಿಯಿಂದ ಕೇಳಿದ.

ಪಥಕದಲ್ಲಿ ನಾಲ್ವರು ಹುಡುಗರು. ಹಿರಿಯವನು ಗೊಲ್ಲಾಳಪ್ಪ, ಆರನೆಯ ಇಯತ್ತೆ, ಬಬಲೇಶ್ವರದಿಂದ ಬಂದು ಬೋರ್ಡಿಂಗಿನಲ್ಲಿರುವವನು. ಉಳಿದ ಮೂವರೂ ಸುತ್ತಲಿನ ಹಳ್ಳಿಗಳ ಒಕ್ಕಲುತನದ ಮನೆಯ ಮಕ್ಕಳೇ. ನಿಜಾಮುದ್ದೀನ ಮೊದಲು ಎಲ್ಲರನ್ನೂ ನೀರಿಗೆ ಇಳಿಸಿ ಈಜು ಪರೀಕ್ಷೆ ಮಾಡಿದ. ಕಪ್ಪೆಗಳ ಹಾಗೆ ಹೋಗಿ ಬಂದರು. ಆಮೇಲೆ ನನ್ನ ಕಡೆ ನೋಡಿದ. "ನೆಗಡಿ ಆಗೇತಿ" ಎಂದೆ. ಅವನು ಒಂದು ಕ್ಷಣ ಹೆಚ್ಚಿಗೆ ನೋಡಿದ ಹಾಗೆ ಅನಿಸಿತು.

ದೋಣಿ ಹತ್ತಿದರೆ ಕಾಲ ಕೆಳಗೆ ನೆಲವೇ ಸರಿಯುತ್ತದೆ. ಎರಡೂ ಕೈಯಿಂದ ಅಂಚು ಹಿಡಿದು ಕೂತೆ. ನನಗೂ ನೀರಿಗೂ ನಡುವೆ ಇದ್ದದ್ದು ಮುಕ್ಕಾಲು ಇಂಚು ಹಲಗೆ. ಆ ಮುಕ್ಕಾಲು ಇಂಚಿನ ಆಚೆಯಿಂದ ನೀರು ಗುಳುಗುಳು ಎನ್ನುವುದು ಪೂರ್ತಿ ಹೊತ್ತು ಕೇಳುತ್ತಿತ್ತು. "ಹೆದರಬ್ಯಾಡ್ರಿ ಮಾಸ್ತರ್ರ, ಪಾನಿ ಅಂದ್ರ ಪಾನೀನ. ಕುಡದ್ರ ಹೊಟ್ಟಿಗೆ, ಬಿದ್ರ ಮೈಗೆ" ಎಂದ ನಿಜಾಮುದ್ದೀನ. ಹುಡುಗರು ನಕ್ಕರು. ನಾನೂ ನಕ್ಕೆ. ಹಲ್ಲು ಕಟಕಟ ಎನ್ನುತ್ತಿತ್ತು.

ಬರುವಾಗ ದಾರಿಯ ಬದಿಯಲ್ಲಿ ಒಣಗಿ ಬಿದ್ದ ಕತ್ತಾಳೆಯ ಬೆಂಡು ಕಂಡಿತು. ಯಾರೂ ಇಲ್ಲದ್ದು ನೋಡಿ ಎರಡು ಗೇಣಿನ ಎರಡು ತುಂಡು ಮುರಿದುಕೊಂಡು ಬಂದೆ.

ಸೋಮವಾರ, ೧೫ ನವೆಂಬರ

ಬೆಂಡನ್ನು ಎದೆಗೊಂದು ಬೆನ್ನಿಗೊಂದು ಕಟ್ಟಿ, ಮೇಲೆ ಅಂಗಿ, ಅದರ ಮೇಲೆ ಕೋಟು ಹಾಕಿ ಕನ್ನಡಿ ನೋಡಿಕೊಂಡೆ. ಸ್ವಲ್ಪ ದಪ್ಪಗೆ ಕಾಣುತ್ತೇನೆ, ಅಷ್ಟೇ. ನನ್ನ ಹೆಂಡತಿ ಅಕ್ಕನಾಗಮ್ಮ ಅಡುಗೆಮನೆಯಿಂದ ಬಂದು ನೋಡಿ, "ಏನ್ರಿ ಅದು?" ಎಂದಳು. ಬೆನ್ನುನೋವಿಗೆ ಎಂದೆ. ಅವಳು ಹೆಚ್ಚು ಕೇಳುವವಳಲ್ಲ. ಆಕೆಯ ಮೌನಕ್ಕೂ ನನಗೆ ಹೆದರಿಕೆ.

ರವಿವಾರ, ೨೧ ನವೆಂಬರ

ಇಂದು ಗಾಳಿಯೇ ಇರಲಿಲ್ಲ. ಕೆರೆಯ ನಟ್ಟನಡುವೆ ದೋಣಿ ನಿಂತುಬಿಟ್ಟಿತು. ಹಾಯಿ ತೊಳೆದು ಹಾಕಿದ ಧೋತರದ ಹಾಗೆ ಜೋತುಬಿದ್ದಿತ್ತು. ಒಂದು ತಾಸು ಹಾಗೇ ಕೂತೆವು. ಕೆಳಗೆ ಎಷ್ಟು ಆಳ ಎಂದು ಕೇಳಬಾರದೆಂದು ನಿರ್ಧರಿಸಿದ್ದೆ. ಒಬ್ಬ ಹುಡುಗ ಕೇಳಿಯೇಬಿಟ್ಟ. "ಮೂರಾಳು" ಎಂದ ನಿಜಾಮುದ್ದೀನ. ಬೆಂಡನ್ನು ಅಂಗಿಯ ಮೇಲಿಂದ ಒತ್ತಿ ನೋಡಿಕೊಂಡೆ.

ನೀರು ನೋಡಬಾರದೆಂದು ಆಚೆಯ ದಂಡೆ ನೋಡುತ್ತಿದ್ದೆ. ಅಲ್ಲಿ ಹುಲ್ಲು ಮಲಗಿತು, ಸ್ವಲ್ಪ ಧೂಳು ಎದ್ದಿತು. "ಈಗ ಬರ್ತೈತಿ" ಎಂದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಹಾಯಿ ತುಂಬಿತು. ನಿಜಾಮುದ್ದೀನ ಹುಬ್ಬೇರಿಸಿದ. "ಯಾರ ಕಲಿಸಿದ್ರು ನಿಮಗ?"

ಕಲಿಸಿದ್ದು ಕಣ. ರಾಶಿ ಮಾಡುವಾಗ ಅಪ್ಪ ಎತ್ತರದ ಮೆಟ್ಟಿನ ಮೇಲೆ ನಿಂತು ಬುಟ್ಟಿಯಿಂದ ಜೋಳ ತೂರುತ್ತಿದ್ದ. ಗಾಳಿ ಬಿದ್ದರೆ ಎಲ್ಲರೂ ಕೂತುಬಿಡಬೇಕು. ದೂರದ ಧೂಳು ನೋಡುತ್ತ ಗಾಳಿ ಕಾಯುವುದು ನನ್ನ ಕೆಲಸ, ಯಾಕೆಂದರೆ ಬೇರೆ ಯಾವ ಕೆಲಸಕ್ಕೂ ನಾನು ಬಾರದವನು. ನಮ್ಮ ಕಣದಲ್ಲಿ ಗಾಳಿಯನ್ನು ಗಾಳಿ ಎನ್ನುವಂತಿಲ್ಲ, ಹೆಸರು ಹಿಡಿದರೆ ಮುನಿಯುತ್ತದಂತೆ. ಅಣ್ಣ ಎನ್ನಬೇಕು. "ಅಣ್ಣ ಬಂದಾನ!" ಎಂದು ನಾನು ಕೂಗಿದರೆ ಎಲ್ಲರೂ ದಡಕ್ಕನೆ ಎದ್ದು ಬುಟ್ಟಿ ಎತ್ತುತ್ತಿದ್ದರು. ಇದನ್ನು ಹೇಳಿದಾಗ ಗೊಲ್ಲಾಳಪ್ಪ, "ನಮ್ಮ ಕಣದಾಗೂ ಹಂಗ ಒದರತಾರ್ರಿ ಮಾಸ್ತರ್ರ" ಎಂದು ಖುಷಿಪಟ್ಟ.

ರವಿವಾರ, ೨೮ ನವೆಂಬರ

ದೋಣಿ ಒಂದೇ ಮಗ್ಗುಲಿಗೆ ವಾಲಿ ಓಡಿತು. ನೀರು ಮೊಣಕೈಗೆ ತಾಗಿತು. ಹೆಚ್ಚು ಬರೆಯಲಾರೆ.

ರವಿವಾರ, ೫ ಡಿಸೆಂಬರ. ಮೂಡಗಾಳಿ, ಬಿಟ್ಟು ಬಿಟ್ಟು

ನಿಜಾಮುದ್ದೀನ ನನ್ನನ್ನು ಚುಕ್ಕಾಣಿಗೆ ಕೂಡಿಸಿದ. ಬೇಡವೆಂದರೂ ಬಿಡಲಿಲ್ಲ. "ಗಾಳಿ ಕಾಣೋ ಕಣ್ಣು ನಿಮಗೈತಿ. ನಾ ಮುಂದ ಕುಂದರತೇನಿ." ಕೈ ಬೆವರಿ ಹಿಡಿಕೆ ಜಾರುತ್ತಿತ್ತು. ಗಾಳಿ ಜೋರಾದರೆ ಹಾಯಿಯ ಹಗ್ಗ ಸಡಿಲು ಬಿಡಬೇಕು, ಎಲ್ಲರೂ ಗಾಳಿಯ ಮಗ್ಗುಲಿಗೆ ಸರಿದು ತಗ್ಗಿ ಕೂಡಬೇಕು. ಯಾವ ಕಾರಣಕ್ಕೂ ಏಳಬಾರದು. ಇದನ್ನು ಹುಡುಗರಿಂದ ಮೂರು ಸಲ ಬಾಯಿಪಾಠ ಮಾಡಿಸಿದೆ. ನಾನು ಆರು ಸಲ ಹೇಳಿಕೊಂಡೆ.

ಹೆಡ್‌ಮಾಸ್ತರರು ಆಮಂತ್ರಣ ಪತ್ರಿಕೆಯ ಕರಡು ತೋರಿಸಿದರು. "ನುರಿತ ಈಜುಗಾರರಾದ ಶ್ರೀ ಅಮರಪ್ಪ ಇವರ ನೇತೃತ್ವದಲ್ಲಿ" ಎಂದು ಬರೆದಿದ್ದಾರೆ. ಬೆಂಡಿನ ದಾರ ಸವೆದಿತ್ತು. ಸಂಜೆ ನೋಡಿದರೆ ಯಾರೋ ಹೊಸ ಲಾಡಿ ಹೊಲಿದಿದ್ದಾರೆ. ಮನೆಯಲ್ಲಿ ಇರುವವರು ಇಬ್ಬರೇ.

ಸೋಮವಾರ, ೧೩ ಡಿಸೆಂಬರ

ನಿನ್ನೆ ದೋಣಿ ಮಗುಚಿತು. ಯಾರೂ ಸತ್ತಿಲ್ಲ.

ಮಂಗಳವಾರ, ೧೪ ಡಿಸೆಂಬರ

ಬರೆಯುತ್ತೇನೆ. ಬರೆಯದಿದ್ದರೆ ಅದು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅಂದೂ ನಡುನೀರಿನಲ್ಲಿ ಗಾಳಿ ಬಿದ್ದಿತ್ತು. ಹುಡುಗರು ಬೇಸರಿಸಿ ಹಾಡು ಹೇಳುತ್ತಿದ್ದರು. ಮೂಡಣ ದಂಡೆಯಲ್ಲಿ ಧೂಳು ಎದ್ದದ್ದು ನೋಡಿದೆ. ಹಿಂದಿನ ಎಲ್ಲ ಸಲಕ್ಕಿಂತ ದೊಡ್ಡ ಧೂಳು. ಬಾಯಿಗೆ ಏನು ಬಂತೋ ಅದೇ ಬಂತು. "ಅಣ್ಣ ಬಂದಾನ!" ಎಂದು ಕೂಗಿದೆ.

ನಾಲ್ವರೂ ದಡಕ್ಕನೆ ಎದ್ದು ನಿಂತರು.

ಅವರ ತಪ್ಪಲ್ಲ. ಹುಟ್ಟಿದಂದಿನಿಂದ ಆ ಕೂಗಿಗೆ ಎದ್ದವರು. ಮೂರು ಸಲದ ಬಾಯಿಪಾಠ ಯಾವ ಲೆಕ್ಕ? ಗೊಲ್ಲಾಳಪ್ಪನ ಕೈಗಳಂತೂ ಬುಟ್ಟಿ ಎತ್ತುವವನ ಹಾಗೆ ಮೇಲೆ ಹೋಗಿದ್ದವು. ಗಾಳಿ ಹಾಯಿಗೆ ಬಡಿಯಿತು, ದೋಣಿ ಒಂದೇ ಏಟಿಗೆ ಮಗುಚಿತು.

ನಾನು ಮುಳುಗಲಿಲ್ಲ. ಬೆಂಡು ನನ್ನನ್ನು ಬಾಟಲಿಯ ಬಿರಡೆಯಂತೆ ಮೇಲಕ್ಕೆ ತಂದಿತು. ಹುಡುಗರ ತಲೆಗಳನ್ನು ಎಣಿಸಿದೆ. ಮೂರು. ಮತ್ತೆ ಎಣಿಸಿದೆ. ಮೂರೇ. ನೀರಿನ ಮೇಲೆ ಹಾಸಿ ಬಿದ್ದ ಹಾಯಿಯ ಬಟ್ಟೆ ಒಂದು ಕಡೆ ಒಳಗಿನಿಂದ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಗೊಲ್ಲಾಳಪ್ಪ ಅದರ ಕೆಳಗಿದ್ದ. ನನ್ನಿಂದ ಎರಡು ಮಾರು ದೂರ. ನಾನು ಕೈಕಾಲು ಬಡಿದೆ. ಮುಂದೆ ಹೋಗಲು ಬರಲಿಲ್ಲ, ಕೆಳಗೆ ಹೋಗಲು ಬೆಂಡು ಬಿಡಲಿಲ್ಲ. ಲಾಡಿ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಇದನ್ನು ಎರಡನೆಯ ಸಲ ಬರೆಯುತ್ತೇನೆ: ಬಿಚ್ಚಬಹುದಿತ್ತು, ಬಿಚ್ಚಲಿಲ್ಲ.

ನಿಜಾಮುದ್ದೀನ ಆಚೆ ಬದಿಯಿಂದ ಮುಳುಗಿ, ಹುಡುಗನ ಕಾಲಿಗೆ ಸುತ್ತಿದ ಹಗ್ಗವನ್ನು ಚಾಕುವಿನಿಂದ ಕೊಯ್ದು ಎಳೆದು ತಂದ. ದಂಡೆಯಲ್ಲಿ ಬೋರಲು ಮಲಗಿಸಿ ನೀರು ಕಕ್ಕಿಸಿದ. ಕಣ್ಣು ಬಿಟ್ಟ ಹುಡುಗ ಮೊದಲು ನೋಡಿದ್ದು ನನ್ನನ್ನು. ನನ್ನ ಕೋಟು ಬಿಚ್ಚಿತ್ತು, ಒದ್ದೆ ಅಂಗಿಯೊಳಗೆ ಬೆಂಡು ಎದ್ದು ಕಾಣುತ್ತಿತ್ತು. ಅವನು ಮತ್ತೆ ಕಣ್ಣು ಮುಚ್ಚಿಕೊಂಡ.

ಗುರುವಾರ, ೧೬ ಡಿಸೆಂಬರ

ಗೊಲ್ಲಾಳಪ್ಪ ಜ್ವರ ಬಂದು ಊರಿಗೆ ಹೋಗಿದ್ದಾನೆ. "ಸುದ್ದಿ ದೊಡ್ಡದು ಮಾಡಬ್ಯಾಡ್ರಿ, ನೀವಿದ್ರಿ ಅಂತ ಹುಡುಗ್ರು ಉಳದ್ರು" ಎಂದು ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ತಟ್ಟಿದ ಕೈಗೆ ಬೆಂಡು ಹತ್ತೀತೆಂದು ಹೆದರಿ ಹಿಂದೆ ಸರಿದೆ. ಇಂದು ಕಟ್ಟಿಕೊಂಡಿರಲೇ ಇಲ್ಲ.

ಶನಿವಾರ, ೧೮ ಡಿಸೆಂಬರ. ಬಬಲೇಶ್ವರ

ಸರ್ವಿಸ್ ಮೋಟಾರಿನಲ್ಲಿ ಬಂದೆ. ದಾರಿಯುದ್ದಕ್ಕೂ ಎರಡು ಭಯ: ಹುಡುಗ ಸತ್ತಿದ್ದರೆ ಎಂಬುದೊಂದು, ಬದುಕಿದ್ದರೆ ಅವನ ಮುಖ ಹೇಗೆ ನೋಡಲಿ ಎಂಬುದೊಂದು.

ಹುಡುಗ ಕಂಬಳಿ ಹೊದ್ದು ನಿದ್ದೆಯಲ್ಲಿದ್ದ. ಜ್ವರ ಇಳಿದಿತ್ತು. ತಂದೆ ಹೊಲಕ್ಕೆ ಹೋಗಿದ್ದರು. ತಾಯಿ ಸತ್ಯವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಕೂತು ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿಬಿಟ್ಟೆ. "ಅವ್ವಾರ, ನನಗ ಈಜು ಬರಂಗಿಲ್ಲ. ನಿಮ್ಮ ಮಗ ನೀರಾಗ ಸಿಕ್ಕೊಂಡಾಗ ನಾ ಬೆಂಡ ಕಟ್ಟಿಕೊಂಡು ತೇಲಾಕತ್ತಿದ್ನಿ."

ರೊಟ್ಟಿಯ ಸಪ್ಪಳ ನಿಂತಿತು. ಮತ್ತೆ ಸುರುವಾಯಿತು.

"ಗೊತ್ತೈತ್ರಿ. ಬಂದ ದಿನಾನ ಹೇಳ್ಯಾನ."

"ಏನಂತ ಹೇಳ್ಯಾನ್ರಿ?"

"ನಮ್ಮ ಮಾಸ್ತರಿಗೆ ನೀರಂದ್ರ ಜೀವ ಹೋಗತೈತಿ, ಆದ್ರೂ ರವಿವಾರಕ್ಕೊಮ್ಮೆ ಬಂದು ದೋಣಿ ಹತ್ತತಾರ ಅಂದ. ಹುಡುಗ್ರಿಗೆಲ್ಲ ಮೊದಲ ಗೊತ್ತಿತ್ತಂತ. ಬೆಂಡ ನಿಮ್ಮ ಕೊಳ್ಳಪಟ್ಟ್ಯಾಗಿಂದ ಹಣಿಕಿ ಹಾಕತಿತ್ತಂತ."

ನನಗೆ ಅಳು ಬಂತು. ಆಕೆ ನನ್ನ ಕಡೆ ತಿರುಗಿದಳು. ಮುಖ ಗಟ್ಟಿಯಾಗಿತ್ತು. "ನಿಮ್ಮನ್ನ ಹೊಗಳಾಕತ್ತೇನಂತ ತಿಳ್ಕೋಬ್ಯಾಡ್ರಿ. ನನ್ನ ಮಗ ಹೋಗಿದ್ರ ನೀವು ಬಂದು ಹೇಳೋ ಖರೇ ಮಾತು ತಗೊಂಡು ನಾ ಏನ ಮಾಡ್ಲಿ? ನಿಮಗ ಈಜು ಬರೂತನಾ ಅಂವನ್ನ ಆ ಕೆರೀಗೆ ಕಳಸಂಗಿಲ್ಲ. ನಮ್ಮ ಹೊಲದಾಗ ಬಾವಿ ಐತಿ. ಸಾಲಿಗೆ ಸೂಟಿ ಬಿಟ್ಟ ಮ್ಯಾಲ ಬರ್ರಿ. ಅಂವನ ಕಲಸತಾನ." ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ತಾಟು ನನ್ನ ಮುಂದೆ ಸರಿಸಿದಳು. "ಈಗ ಉಣ್ರಿ."

ಸೋಮವಾರ, ೨೭ ಡಿಸೆಂಬರ. ಬಬಲೇಶ್ವರ

ಬಾವಿಗೆ ಇಪ್ಪತ್ತೆರಡು ಮೆಟ್ಟಿಲು. ಹದಿನೇಳನೆಯದರ ಮೇಲೆ ಅರ್ಧ ತಾಸು ಕೂತೆ. ಗೊಲ್ಲಾಳಪ್ಪ ನೀರಿನಲ್ಲಿ ನಿಂತು ಕಾಯ್ದ. "ಬೆಂಡ ಕಟ್ಟಿಕೊಂಡ ಬರ್ರಿ ಮಾಸ್ತರ್ರ, ಯಾರೂ ನೋಡಂಗಿಲ್ಲ." ಇಳಿದೆ. ನೀರು ಬೆಚ್ಚಗಿತ್ತು. ಮೈಯೆಲ್ಲ ನಡುಗುತ್ತಿತ್ತು.

ಗುರುವಾರ, ೩೦ ಡಿಸೆಂಬರ

ಎಳ್ಳಮಾವಾಸ್ಯೆ. ಊರೆಲ್ಲ ಹೊಲಕ್ಕೆ ಬುತ್ತಿ ಹೊತ್ತು ಹೋಗಿದೆ. ನಾನು ಕಡಬು ತಿಂದು ಬಾವಿಗಿಳಿದೆ. ಹುಡುಗ ಎದೆಯ ಬೆಂಡು ಬಿಚ್ಚಿಸಿದ. ಬೆನ್ನಿನದೊಂದೇ ಉಳಿದಿದೆ. ನೀರು ಕುಡಿದೆ, ಮೂಗಿಗೆ ಹೋಯಿತು. ಒಬ್ಬ ಮಾಸ್ತರನಿಗೆ ಒಬ್ಬ ವಿದ್ಯಾರ್ಥಿ ಬೈಯದೆ ಕಲಿಸುವುದು ಹೇಗೆಂದು ನೋಡಿದೆ. ನಾನು ವರ್ಗದಲ್ಲಿ ಹಾಗೆ ಕಲಿಸುವುದಿಲ್ಲ.

ಶನಿವಾರ, ೧ ಜನೇವರಿ ೧೯೪೯

ಇಂದು ಎರಡೂ ಬಿಚ್ಚಿದೆ. ಮುಳುಗಿದೆ. ಒಂಬತ್ತನೆಯ ವಯಸ್ಸಿನ ಕತ್ತಲೆ ಅಲ್ಲೇ ಕೂತು ಕಾಯುತ್ತಿತ್ತು. ಹುಡುಗ ಕೂದಲು ಹಿಡಿದು ಎತ್ತಿದ. "ಮತ್ತೊಮ್ಮೆ ಮಾಡೋಣ್ರಿ" ಎಂದ. ಮತ್ತೆ ಮುಳುಗಿದೆ. ನಾಲ್ಕನೆಯ ಸಲಕ್ಕೆ ಆಚೆ ಗೋಡೆ ಮುಟ್ಟಿದೆ. ಆರು ಮಾರು. ಗೋಡೆಯ ಕಲ್ಲು ಹಿಡಿದು ಬಹಳ ಹೊತ್ತು ಅತ್ತೆ. ನೀರಿನಲ್ಲಿ ಅತ್ತರೆ ಗೊತ್ತಾಗುವುದಿಲ್ಲ ಎಂಬುದೊಂದು ಅನುಕೂಲ. ಹೆದರಿಕೆ ಮಾತ್ರ ಇದ್ದಷ್ಟೇ ಇದೆ.

ಸೋಮವಾರ, ೧೦ ಜನೇವರಿ. ಗಾಳಿ ಇಲ್ಲ

ನಿನ್ನೆ ಪಥಕ ಮತ್ತೆ ಕೂಡಿತು. ಸತ್ಯವ್ವ ಮಗನನ್ನು ಕಳಿಸಿದ್ದಾಳೆ. ನಾನು ಬೆಂಡು ಕಟ್ಟಿಕೊಂಡೇ ಹೋಗಿದ್ದೆ. ಬಾವಿಯೇ ಬೇರೆ, ಕೆರೆಯೇ ಬೇರೆ.

ಇಂದು ಹೆಡ್‌ಮಾಸ್ತರರ ಖೋಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಖುರ್ಚಿ ಹಿಡಿದುಕೊಂಡೇ ನಿಂತಿದ್ದೆ. ನೌಕರಿ ಹೋಗುತ್ತದೆಂದು ಅಕ್ಕನಾಗಮ್ಮನಿಗೂ ಬೆಳಿಗ್ಗೆಯೇ ಹೇಳಿಟ್ಟಿದ್ದೆ. ಹೆಡ್‌ಮಾಸ್ತರರು ಚಷ್ಮಾ ತೆಗೆದು ಒರೆಸಿದರು.

"ಈಗ ಬರ್ತದೋ ಇಲ್ಲೋ?"

"ಆರು ಮಾರು ಬರ್ತೈತ್ರಿ."

"ಎರಡು ವರ್ಷ ನನಗ ಸುಳ್ಳು ಹೇಳೀರಿ. ಹುಡುಗ ಹೋಗಿದ್ರ ಇಬ್ಬರೂ ಜೇಲಿಗೆ ಹೋಗ್ತಿದ್ವಿ." ಆಮಂತ್ರಣ ಪತ್ರಿಕೆ ತೆಗೆದು "ನುರಿತ ಈಜುಗಾರರಾದ" ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿದರು. ನನ್ನ ಹೆಸರನ್ನು ಬಿಟ್ಟರು. "ಗ್ಯಾದರಿಂಗ್ ಆಗಲಿ. ಆಮ್ಯಾಲ ನಿಮ್ಮ ನೌಕರಿ ವಿಚಾರ ಮಾಡ್ತೀನಿ. ಹೋಗ್ರಿ."

ಅಂದರೆ ಇನ್ನು ಹದಿಮೂರು ದಿನ ಹೆದರಬೇಕು.

ರವಿವಾರ, ೧೬ ಜನೇವರಿ. ಮೂಡಗಾಳಿ, ಹದವಾಗಿ, ಹನ್ನೊಂದರ ನಂತರ ತಿರುಗಿತು

ಹುಡುಗರಿಗೆ ಒಂದೇ ಅಭ್ಯಾಸ. ನಾನು ಕೂಗಬೇಕು, ಅವರು ಕೂಡಬೇಕು. ಬೇರೆ ಕೂಗು ಇಟ್ಟುಕೊಳ್ಳೋಣ ಎಂದ ನಿಜಾಮುದ್ದೀನ. ಆಗದು ಎಂದೆ. ಗಾಬರಿಯಲ್ಲಿ ನನ್ನ ಬಾಯಿಗೆ ಬರುವುದು ಅದೊಂದೇ. ನಲವತ್ತು ಸಲ ಕೂಗಿದೆ. ಮೊದಲ ಹತ್ತರಲ್ಲಿ ಎದ್ದರು, ಕೊನೆಯ ಹತ್ತರಲ್ಲಿ ಕೂತರು. ರಾತ್ರಿಯೆಲ್ಲ ನಡುವಿನ ಇಪ್ಪತ್ತರ ಚಿಂತೆ.

ರವಿವಾರ, ೨೩ ಜನೇವರಿ. ಬೆಳಿಗ್ಗೆ ಗಾಳಿ ಇಲ್ಲ, ಹತ್ತಕ್ಕೆ ಮೂಡಣದಿಂದ ಜೋರು

ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದೆ. ಮಾಡದ ಕೆಲಸವಿಲ್ಲ. ಹಗ್ಗ ಮೂರು ಸಲ ನೋಡಿದೆ, ಹುಡುಗರ ಎಣಿಕೆ ಐದು ಸಲ ಮಾಡಿದೆ.

ದಂಡೆ ತುಂಬ ಜನ. ಹುಡುಗರ ತಂದೆತಾಯಿಗಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ಸತ್ಯವ್ವ ತಲೆಯ ಮೇಲೆ ಸೆರಗು ಹೊದ್ದು ಎಲ್ಲರಿಗಿಂತ ಮುಂದೆ ಕೂತಿದ್ದಳು. ಟಿಕೋಟಿಯಿಂದ ಅಪ್ಪನೂ ಬಂದಿದ್ದ. ನನ್ನ ದೋಣಿ ನೋಡಿ ಅಡಿಕೆ ಬಾಯಿಗೆ ಹಾಕಿಕೊಂಡ. ನಿಜಾಮುದ್ದೀನ ಇಂದು ದೋಣಿ ಹತ್ತಲಿಲ್ಲ. "ಪಥಕ ನಿಮ್ಮದು" ಎಂದು ದಂಡೆಯಲ್ಲೇ ನಿಂತ. ಅವನ ಜಾಗ ಖಾಲಿ ಕಂಡಾಗ ಹುಡುಗರನ್ನು ಮತ್ತೊಮ್ಮೆ ಎಣಿಸಿದೆ.

ನಡುನೀರು ತಲುಪುವಷ್ಟರಲ್ಲಿ ಗಾಳಿ ಬಿತ್ತು. ಅದೇ ಜಾಗ. ಹುಡುಗರು ಯಾರೂ ಹಾಡಲಿಲ್ಲ. ಗೊಲ್ಲಾಳಪ್ಪ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದ. ಮೂಡಣ ದಂಡೆಯಲ್ಲಿ ಧೂಳು ಎದ್ದಿತು. ಅಂದಿನಷ್ಟೇ ದೊಡ್ಡ ಧೂಳು. ಎಣಿಸತೊಡಗಿದೆ. ಹದಿನೈದಕ್ಕೆ ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ.

"ಅಣ್ಣ ಬಂದಾನ!"

ದಂಡೆಯ ಮೇಲೆ ಕೂತಿದ್ದ ಜನರೆಲ್ಲ ದಡಕ್ಕನೆ ಎದ್ದು ನಿಂತರು. ಅಪ್ಪ ಎಲ್ಲರಿಗಿಂತ ಮೊದಲು. ನೀರಿನ ಮೇಲೆ ಅಷ್ಟು ದೂರದಿಂದಲೂ ಅವನ ಎರಡು ಕೈ ಮೇಲೆದ್ದದ್ದು ಕಂಡಿತು. ದೋಣಿಯಲ್ಲಿ ನನ್ನ ನಾಲ್ವರೂ ತಗ್ಗಿ ಕೂತರು. ಗೊಲ್ಲಾಳಪ್ಪ ಹಗ್ಗ ಸಡಿಲು ಬಿಟ್ಟ, ನಾನು ಚುಕ್ಕಾಣಿ ಎಳೆದೆ, ಹಾಯಿ ತುಂಬಿತು. ಆಚೆ ದಂಡೆಗೆ ಮೂಗು ತಾಗುವವರೆಗೆ ನಾನು ಗಾಳಿಯನ್ನಲ್ಲದೆ ಬೇರೇನೂ ನೋಡಲಿಲ್ಲ.

ಹೆಡ್‌ಮಾಸ್ತರರು ಭಾಷಣದಲ್ಲಿ ನನ್ನ ಹೆಸರು ಎರಡು ಸಲ ಹೇಳಿದರು. ನೌಕರಿಯ ಮಾತು ಎತ್ತಲಿಲ್ಲ. ನಾಳೆ ಕೇಳಬೇಕು. ಹಾಯಿಯ ಕೆಳಗಿನ ಹೊಲಿಗೆ ಒಂದು ಗೇಣು ಬಿಚ್ಚಿದೆ, ಮುಂದಿನ ರವಿವಾರದೊಳಗೆ ಹೊಲಿಸಬೇಕು.

ಸಂಜೆ ಮನೆಗೆ ಬಂದು ಕೋಟು ಸಿಕ್ಕಿಸಲು ಗೂಟಕ್ಕೆ ಕೈ ಹಾಕಿದೆ. ಗೂಟದಲ್ಲಿ ಬೆಂಡು ಇತ್ತು. ಎರಡೂ ತುಂಡು, ಲಾಡಿಯ ಸಮೇತ, ನಿನ್ನೆ ಸಿಕ್ಕಿಸಿದ ಹಾಗೆಯೇ.

"ನಾ ಇದನ್ನ ಕಟ್ಟಿಕೊಂಡಿರಲಿಲ್ಲೇನು?" ಎಂದೆ.

ಅಕ್ಕನಾಗಮ್ಮ ದೀಪದ ಬತ್ತಿ ಹೊಸೆಯುತ್ತಿದ್ದಳು. "ಬಿಟ್ಟು ಹೊಂಟಿದ್ದು ನೋಡಿದ್ನಿರಿ. ಕರೀಬೇಕಂತ ಬಾಗಲತನಾ ಬಂದ್ನಿ."

"ಮತ್ತ ಯಾಕ ಕರೀಲಿಲ್ಲ?"

"ಕರದ್ರ ಕಟ್ಟಿಕೊಂಡು ಹೋಗ್ತಿದ್ರಿ" ಎಂದಳು. ಹೊಸೆದ ಬತ್ತಿಯನ್ನೇ ಮತ್ತೆ ಹೊಸೆಯತೊಡಗಿದಳು.

ಮೂರಾಳು ನೀರು. ಈಗ ಹೆದರಿಕೆಯಾಗುತ್ತಿದೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.